‘ನಿದ್ದೆ ಬೀಳುವುದಿಲ್ಲ’ ಎಂದು ಹೇಳಿ ಅಲ್ಲಿಗೇ ನಿಲ್ಲಿಸಬೇಡಿ



ನಮ್ಮ ಕಡೆ ಮನಸ್ಸಿಗೆ ಅಸೌಖ್ಯವಾದವರು ‘ನನಗೆ ಮನಸ್ಸಿನ ಕಾಯಿಲೆ’ ಎಂದು ಹೇಳಿಕೊಳ್ಳುವುದು ಅಪರೂಪ. ‘ನಿದ್ದೆ ಬೀಳುವುದಿಲ್ಲ’ ಎನ್ನುತ್ತಾರೆ. ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ, ಮುಳ್ಳೇರಿಯದಲ್ಲಿ ಇದೇ ಮಾತು. ಗಡಿಯಾಚೆ ವಿಟ್ಲ, ಪುತ್ತೂರು, ಸುಳ್ಯದಲ್ಲಿಯೂ ಇದೇ ಮಾತು. ಇದು ಮರ್ಯಾದೆಯ ಮಾತು, ಯಾರ ಎದುರಿಗೂ ಹೇಳಬಹುದು. ‘ಮಂಡೆ ಬಿಸಿ’ ಎಂಬುದು ಅದಕ್ಕಿಂತ ಒಂದು ಮೆಟ್ಟಿಲು ಮುಂದೆ. ಅದರಿಂದಾಚೆಯದ್ದನ್ನು ಹೇಳಲು ಬಾಯಿಯೇ ಬರುವುದಿಲ್ಲ. ಕೋಝಿಕ್ಕೋಡಿನಲ್ಲಿ 1872ರಿಂದ ಮನೋರೋಗಿಗಳ ಆರೈಕೆ ಮಾಡುತ್ತ ಬಂದ ಆಸ್ಪತ್ರೆಯೊಂದಿದೆ. ಅದು ಇರುವ ಕುದಿರವಟ್ಟಂ ಎಂಬ ಜಾಗದ ಹೆಸರನ್ನೇ ಜನ ತಮಾಷೆಗೆ ಬಳಸುತ್ತಾರೆ. ಹಾಗಿರುವಾಗ ಬಾಯಿ ಬಾರದಿದ್ದರೆ ಆಶ್ಚರ್ಯವೇನು?

ಇದರಿಂದ ಆಗುವುದು ಇಷ್ಟೆ. ಹೇಳುವವರು ನಿದ್ದೆಯನ್ನು ಮಾತ್ರ ಹೇಳುತ್ತಾರೆ, ಕೇಳಿದವರು ನಿದ್ದೆಗೆ ಮಾತ್ರ ಮದ್ದು ಕೊಡುತ್ತಾರೆ. ಅದರ ಹಿಂದೆ ಇರುವುದು ಹಾಗೆಯೇ ಉಳಿಯುತ್ತದೆ. ನಿದ್ದೆಗೂ ಮನಸ್ಸಿನ ಕಾಯಿಲೆಗೂ ಇರುವ ಸಂಬಂಧದ ಬಗ್ಗೆ ಕಳೆದ ಐವತ್ತು ವರ್ಷಗಳಲ್ಲಿ ಬಹಳ ಸಂಶೋಧನೆ ನಡೆದಿದೆ. ಅದರಲ್ಲಿ ನಮ್ಮ ಸದಸ್ಯರಿಗೆ ಉಪಯೋಗವಾಗುವಂಥದ್ದನ್ನು ಇಲ್ಲಿ ಕೊಡುತ್ತಿದ್ದೇನೆ. ನಾನು ವೈದ್ಯನಲ್ಲ, ಇದು ವೈದ್ಯರ ಸಲಹೆಗೆ ಬದಲಿಯೂ ಅಲ್ಲ. ವೈದ್ಯರ ಎದುರು ಕುಳಿತಾಗ ಸರಿಯಾಗಿ ಮಾತನಾಡಲು ಒಂದು ತಯಾರಿ ಎಂದು ತಿಳಿದರೆ ಸಾಕು.

ಎಷ್ಟು ಜನ ಇದ್ದಾರೆ?

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು 1050 ಮಂದಿ ಆರೋಗ್ಯವಂತ ವಯಸ್ಕರನ್ನು ವಿಚಾರಿಸಿ 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತಾವು ಆರೋಗ್ಯವಾಗಿದ್ದೇವೆ ಎಂದುಕೊಂಡಿದ್ದ ಈ ದಕ್ಷಿಣ ಭಾರತದವರಲ್ಲಿ ನೂರಕ್ಕೆ 18.6 ಮಂದಿಗೆ ನಿದ್ರಾಹೀನತೆಯ ತೊಂದರೆ ಇತ್ತು. ಅಂದರೆ ಐದು ಜನ ಕುಳಿತ ಬೆಂಚಿನಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ. ನಮ್ಮ ಮಾಸಿಕ ಸಭೆಗೆ ಇದನ್ನು ಲೆಕ್ಕ ಹಾಕಿ ನೋಡಬಹುದು.

ಮನಸ್ಸಿನ ಕಾಯಿಲೆಗಳ ಲೆಕ್ಕವೂ ಇದೆ. ಅದೇ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ಆ 12ರಲ್ಲಿ ಕೇರಳವೂ ಒಂದು. ವಯಸ್ಕರಲ್ಲಿ ನೂರಕ್ಕೆ 10.6 ಮಂದಿ ಸಮೀಕ್ಷೆಯ ಹೊತ್ತಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಲ್ಲಿದ್ದರು. ಅದಕ್ಕಿಂತ ಯೋಚಿಸಬೇಕಾದದ್ದು ಇನ್ನೊಂದು ಅಂಕಿ. ಖಿನ್ನತೆ, ಆತಂಕದಂತಹ ಸಾಮಾನ್ಯ ಕಾಯಿಲೆ ಇದ್ದವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಸಾಕ್ಷರತೆಗೆ ಹೆಸರಾದ ಕೇರಳದಲ್ಲಿ 2022ರಲ್ಲಿ ಲಕ್ಷಕ್ಕೆ 28.5 ಮಂದಿ ಆತ್ಮಹತ್ಯೆ ಮಾಡಿಕೊಂಡರು ಎಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಹೇಳುತ್ತದೆ. ದೇಶದ ಸರಾಸರಿ 12.4. ಓದು ಬಂದ ಮಾತ್ರಕ್ಕೆ ಹೇಳಿಕೊಳ್ಳಲು ಬರುವುದಿಲ್ಲ ಎಂದು ಇದರಿಂದ ತಿಳಿಯಬೇಕು.

ಯಾವುದು ಮೊದಲು, ಯಾವುದು ಆಮೇಲೆ?

ಬಹಳ ಕಾಲ ವೈದ್ಯರು ಹೇಳುತ್ತಿದ್ದದ್ದು ಹೀಗೆ: ಮನಸ್ಸಿನ ಕಾಯಿಲೆ ಮರ, ನಿದ್ದೆಗೇಡು ಅದರ ನೆರಳು. ಮರವನ್ನು ನೋಡಿಕೊಂಡರೆ ನೆರಳು ತಾನಾಗಿ ಸರಿಯಾಗುತ್ತದೆ. ಈಗ ಹಾಗೆ ಹೇಳುವುದಿಲ್ಲ.

ಅಭಿಪ್ರಾಯ ಬದಲಾಗಲು ಒಂದು ಮುಖ್ಯ ಕಾರಣ 1989ರಲ್ಲಿ ಡೇನಿಯಲ್ ಫೋರ್ಡ್ ಮತ್ತು ಡಗ್ಲಾಸ್ ಕ್ಯಾಮರೋ ಎಂಬವರು ಅಮೆರಿಕದಲ್ಲಿ ಪ್ರಕಟಿಸಿದ ಅಧ್ಯಯನ. 7954 ಮಂದಿಯನ್ನು ಮನೆಮನೆಯಲ್ಲಿ ವಿಚಾರಿಸಿದ ಲೆಕ್ಕ ಅದು. ನಿದ್ದೆ ಬಾರದವರಲ್ಲಿ ನೂರಕ್ಕೆ 40 ಮಂದಿಗೆ ಮಾನಸಿಕ ಕಾಯಿಲೆ ಇತ್ತು. ನಿದ್ದೆಯ ದೂರು ಇಲ್ಲದವರಲ್ಲಿ ಈ ಸಂಖ್ಯೆ 16.4. ಒಂದು ವರ್ಷ ಕಳೆದು ಅದೇ ಜನರನ್ನು ಪುನಃ ವಿಚಾರಿಸಿದರು. ಆಗಲೂ ನಿದ್ದೆ ಬಾರದೆ ಉಳಿದವರಲ್ಲಿ ಹೊಸದಾಗಿ ಖಿನ್ನತೆ ಬಂದದ್ದು ಬಹಳ ಹೆಚ್ಚು. ನಡುವೆ ನಿದ್ದೆ ಸರಿಯಾದವರಲ್ಲಿ ಆ ಅಪಾಯ ಅಷ್ಟು ಕಾಣಲಿಲ್ಲ.

ಜರ್ಮನಿಯ ಫ್ರೈಬರ್ಗಿನ ತಂಡವೊಂದು 2011ರಲ್ಲಿ ಇಂತಹ 21 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿತು. ಖಿನ್ನತೆ ಇಲ್ಲದ, ಆದರೆ ನಿದ್ದೆ ಬಾರದ ವ್ಯಕ್ತಿಗೆ ಮುಂದೆ ಖಿನ್ನತೆ ಬರುವ ಸಂಭವ ಚೆನ್ನಾಗಿ ನಿದ್ದೆ ಮಾಡುವವರಿಗಿಂತ ಎರಡು ಪಟ್ಟು ಎಂದು ಕಂಡಿತು. ನಿದ್ದೆ ಬಾರದವರಿಗೆಲ್ಲ ಖಿನ್ನತೆ ಬರುತ್ತದೆ ಎಂದು ಇದರ ಅರ್ಥವಲ್ಲ. ಹೆಚ್ಚಿನವರಿಗೆ ಬರುವುದಿಲ್ಲ. ಆದರೆ ನಿದ್ದೆಗೇಡು ಬರೀ ನೆರಳಲ್ಲ ಎಂಬುದು ಸ್ಪಷ್ಟವಾಯಿತು.

ಹಾಗಾದರೆ ನಿದ್ದೆಯನ್ನು ಸರಿಪಡಿಸಿದರೆ ಮನಸ್ಸಿಗೂ ಗುಣವಿದೆಯೇ? ಆಕ್ಸ್‌ಫರ್ಡಿನ ಡೇನಿಯಲ್ ಫ್ರೀಮನ್ ಮತ್ತು ಸಂಗಡಿಗರು ಬ್ರಿಟನ್ನಿನ 26 ವಿಶ್ವವಿದ್ಯಾಲಯಗಳಲ್ಲಿ ನಿದ್ದೆ ಬಾರದ 3755 ವಿದ್ಯಾರ್ಥಿಗಳನ್ನು ತೆಗೆದುಕೊಂಡರು. ಒಂದು ಗುಂಪಿಗೆ ಗುಳಿಗೆ ಇಲ್ಲದ ನಿದ್ದೆಯ ಚಿಕಿತ್ಸೆ ಕೊಟ್ಟರು, ಇನ್ನೊಂದಕ್ಕೆ ಎಂದಿನ ಕ್ರಮ. 2017ರಲ್ಲಿ ಫಲಿತಾಂಶ ಬಂತು. ಚಿಕಿತ್ಸೆ ಪಡೆದವರಲ್ಲಿ ನಿದ್ದೆ ಸುಧಾರಿಸಿದ್ದು ಮಾತ್ರವಲ್ಲ, ಯಾರೋ ತನ್ನ ಬೆನ್ನು ಹತ್ತಿದ್ದಾರೆ ಎಂಬ ಸಂಶಯ, ಇಲ್ಲದ ಧ್ವನಿ ಕೇಳುವುದು, ಖಿನ್ನತೆ, ಆತಂಕ ಇವೂ ಕಡಿಮೆಯಾದವು.

ಇದನ್ನೆಲ್ಲ ನೋಡಿ 2013ರಲ್ಲಿ ಅಮೆರಿಕದ ಮನೋವೈದ್ಯರು ತಮ್ಮ ರೋಗಪಟ್ಟಿಯಲ್ಲಿ ‘ಇನ್ನೊಂದು ಕಾಯಿಲೆಯಿಂದ ಬಂದ ನಿದ್ರಾಹೀನತೆ’ ಎಂಬ ಬೇರೆ ಪಂಗಡವನ್ನೇ ತೆಗೆದುಹಾಕಿದರು. ವಾರಕ್ಕೆ ಮೂರು ರಾತ್ರಿಯಾದರೂ, ಮೂರು ತಿಂಗಳಾದರೂ ನಿದ್ದೆ ಬಾರದೆ ಹಗಲಿನ ಕೆಲಸಕ್ಕೆ ತೊಂದರೆಯಾದರೆ ಅದು ತಾನೇ ಒಂದು ಕಾಯಿಲೆ. ಜೊತೆಗೆ ಬೇರೆ ಕಾಯಿಲೆ ಇದ್ದರೂ ಎರಡಕ್ಕೂ ಚಿಕಿತ್ಸೆ ಮಾಡಬೇಕು. ಆದುದರಿಂದ ‘ನಿದ್ದೆ ಬೀಳುವುದಿಲ್ಲ’ ಎನ್ನುವ ನಮ್ಮವರ ದೂರು ಸುಳ್ಳೂ ಅಲ್ಲ, ನೆಪವೂ ಅಲ್ಲ. ಅರ್ಧ ಮಾತು, ಅಷ್ಟೆ.

ನಿದ್ದೆ ಬರುವುದು ಹೇಗೆ?

ಸ್ವಿಟ್ಜರ್ಲೆಂಡಿನ ಅಲೆಕ್ಸಾಂಡರ್ ಬೋರ್ಬೆಲಿ 1982ರಲ್ಲಿ ಕೊಟ್ಟ ವಿವರಣೆ ಇಂದಿಗೂ ಉಪಯೋಗದಲ್ಲಿದೆ. ಎರಡು ಲೆಕ್ಕಗಳು ಒಟ್ಟಿಗೆ ನಡೆಯುತ್ತವೆ. ಒಂದನೆಯದು ಸಾಲದ ಖಾತೆ. ಎಚ್ಚರವಿದ್ದಷ್ಟು ಹೊತ್ತೂ ನಿದ್ದೆಯ ಸಾಲ ಬೆಳೆಯುತ್ತದೆ, ನಿದ್ದೆ ಮಾಡಿದಾಗ ತೀರುತ್ತದೆ. ಮಧ್ಯಾಹ್ನ ಊಟದ ನಂತರ ಎರಡು ಗಂಟೆ ಮಲಗಿದರೆ ಸಾಲ ಅಷ್ಟು ತೀರಿತು, ರಾತ್ರಿ ನಿದ್ದೆಗೆ ಬಾಕಿ ಕಡಿಮೆ. ಮಿದುಳಿನಲ್ಲಿ ಈ ಬಾಕಿಯನ್ನು ತೋರಿಸುವ ವಸ್ತುಗಳಲ್ಲಿ ಅಡಿನೋಸಿನ್ ಒಂದು. ಕಾಫಿ, ಚಹಾದಲ್ಲಿರುವ ಕೆಫೀನ್ ಅದರ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ. ಸಾಲ ತೀರುವುದಿಲ್ಲ, ನೋಟೀಸು ಮಾತ್ರ ಕೈಗೆ ಬರುವುದಿಲ್ಲ. ಕುಡಿದ ಕೆಫೀನಿನಲ್ಲಿ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು ಎಂಬುದು ನೆನಪಿರಲಿ.

ಎರಡನೆಯದು ದೇಹದ ಗಡಿಯಾರ. ಬೆಳಗಿನ ಬೆಳಕು ಅದಕ್ಕೆ ಕೀಲಿ ಕೊಡುತ್ತದೆ. ಆಟಿ ತಿಂಗಳ ಮೋಡದ ದಿನದಲ್ಲಿಯೂ ಅಂಗಳದ ಬೆಳಕು ಒಳಕೋಣೆಯ ದೀಪಕ್ಕಿಂತ ಬಹಳ ಹೆಚ್ಚು. ಸಾಲವೂ ಬೆಳೆದು, ಗಡಿಯಾರವೂ ರಾತ್ರಿ ಎಂದು ಹೇಳಿದಾಗ ನಿದ್ದೆ ಬರುತ್ತದೆ.

ಎರಡೂ ಸರಿಯಿದ್ದರೂ ನಿದ್ದೆ ಬಾರದವರಿದ್ದಾರೆ. ಅವರಲ್ಲಿ ಮಿದುಳಿನ ಕಾವಲುಗಾರ ಪಾಳಿ ಮುಗಿಸಿ ಹೋಗುವುದಿಲ್ಲ. ಎದೆ ಡವಡವ, ಮೈ ಬಿಸಿ, ಒಂದರ ಹಿಂದೆ ಒಂದು ಯೋಚನೆ. ಆತಂಕ, ಖಿನ್ನತೆ, ಹಿಂದೆ ಆದ ಆಘಾತ ಇವು ಕಾವಲುಗಾರನನ್ನು ಎಬ್ಬಿಸಿ ಇಡುತ್ತವೆ. ನಿದ್ದೆಗೆಟ್ಟ ಮಿದುಳು ಮರುದಿನ ಸಣ್ಣ ಮಾತಿಗೂ ಹೆದರುತ್ತದೆ, ಸಿಟ್ಟಾಗುತ್ತದೆ. ಆ ಹೆದರಿಕೆ ಮುಂದಿನ ರಾತ್ರಿಗೆ ಹೋಗುತ್ತದೆ. ಹೀಗೆ ಚಕ್ರ ತಿರುಗುತ್ತದೆ.

ಎಲ್ಲ ನಿದ್ದೆಗೇಡು ಒಂದೇ ಅಲ್ಲ

ಯಾವ ಬಗೆಯ ನಿದ್ದೆಗೇಡು ಎಂದು ಹೇಳಿದರೆ ವೈದ್ಯರಿಗೆ ಅರ್ಧ ದಾರಿ ಸಿಗುತ್ತದೆ.

ಖಿನ್ನತೆಯಲ್ಲಿ ಹಲವರಿಗೆ ಮಲಗಿದ ಕೂಡಲೇ ನಿದ್ದೆ ಬರುತ್ತದೆ, ಬೆಳಗ್ಗೆ ಮೂರು ಗಂಟೆಗೆ ಎಚ್ಚರವಾಗಿ ಪುನಃ ಬರುವುದಿಲ್ಲ. ಆ ಹೊತ್ತಿನಲ್ಲಿ ಮನಸ್ಸು ಅತಿ ಭಾರ. ಕೆಲವರು, ಮುಖ್ಯವಾಗಿ ಚಿಕ್ಕ ವಯಸ್ಸಿನವರು, ಇದಕ್ಕೆ ವಿರುದ್ಧವಾಗಿ ಹತ್ತು ಹನ್ನೆರಡು ಗಂಟೆ ಮಲಗಿಯೇ ಇರುತ್ತಾರೆ. ಮನೆಯವರು ಅದನ್ನು ಸೋಮಾರಿತನ ಎಂದು ಬೈಯುತ್ತಾರೆ. ಪಿಟ್ಸ್‌ಬರ್ಗಿನ ಡೇವಿಡ್ ಕುಪ್ಫರ್ 1976ರಲ್ಲಿ ಒಂದು ವಿಷಯ ತೋರಿಸಿದರು. ಸಾಮಾನ್ಯವಾಗಿ ಮೊದಲ ಕನಸಿನ ನಿದ್ದೆ ಮಲಗಿ ಸುಮಾರು 90 ನಿಮಿಷಕ್ಕೆ ಬರುತ್ತದೆ, ಖಿನ್ನತೆ ಇರುವ ಅನೇಕರಲ್ಲಿ ಅದಕ್ಕಿಂತ ಬಹಳ ಬೇಗ ಬರುತ್ತದೆ. ಇದು ಖಿನ್ನತೆಗೆ ಮಾತ್ರ ಸೇರಿದ ಗುರುತಲ್ಲ ಎಂದು ಮುಂದೆ ತಿಳಿದುಬಂತು. ಆದರೂ ‘ಎಲ್ಲ ಮನಸ್ಸಿನ ಭ್ರಮೆ’ ಎನ್ನುವವರಿಗೆ ಇದು ಉತ್ತರ. ಕಾಯಿಲೆ ಮಿದುಳಿನ ಅಲೆಗಳಲ್ಲಿಯೇ ಕಾಣುತ್ತದೆ.

ಆತಂಕದಲ್ಲಿ ನಿದ್ದೆ ಹತ್ತುವುದೇ ಕಷ್ಟ. ಕೆಲವರು ನಡುರಾತ್ರಿ ಉಸಿರು ಕಟ್ಟಿದಂತಾಗಿ, ಎದೆ ಹೊಡೆದುಕೊಂಡು ಏಳುತ್ತಾರೆ. ಹೃದಯದ ತೊಂದರೆ ಎಂದು ಆಂಬ್ಯುಲೆನ್ಸ್ ಹಿಡಿದು ಮಂಗಳೂರಿಗೆ ಓಡುತ್ತಾರೆ. ಮೊದಲ ಸಲ ಓಡಬೇಕಾದದ್ದೇ. ಹೃದಯ ಸರಿಯಿದೆ ಎಂದು ತಿಳಿದ ಮೇಲೂ ಪುನಃ ಪುನಃ ಆಗುತ್ತಿದ್ದರೆ ಮನೋವೈದ್ಯರನ್ನು ಕಾಣಬೇಕು.

ಬೈಪೋಲಾರ್ ಕಾಯಿಲೆಯ ಉನ್ಮಾದದ ಹಂತದಲ್ಲಿ ರೋಗಿ ನಿದ್ದೆ ಬರುವುದಿಲ್ಲ ಎಂದು ದೂರುವುದೇ ಇಲ್ಲ. ಎರಡು ಮೂರು ಗಂಟೆ ಮಲಗಿ ಹುರುಪಿನಿಂದ ಏಳುತ್ತಾರೆ, ತುಂಬ ಮಾತನಾಡುತ್ತಾರೆ, ಹಣ ಖರ್ಚು ಮಾಡುತ್ತಾರೆ. ನಿದ್ದೆ ಬಾರದಿರುವುದು ಬೇರೆ, ನಿದ್ದೆ ಬೇಡವಾಗುವುದು ಬೇರೆ. ಇದನ್ನು ಗಮನಿಸಬೇಕಾದವರು ಮನೆಯವರು.

ಸ್ಕಿಜೋಫ್ರೇನಿಯಾ ಇರುವವರಲ್ಲಿ ಹಗಲು ರಾತ್ರಿ ಅದಲು ಬದಲಾಗುವುದುಂಟು. ಗುಣವಾಗಿದ್ದವರಿಗೆ ಕಾಯಿಲೆ ಮರುಕಳಿಸುವ ಮೊದಲು ನಿದ್ದೆ ಕೆಡುವುದು ಸಾಮಾನ್ಯವಾದ ಮುನ್ಸೂಚನೆ. ಆ ಸಮಯದಲ್ಲಿಯೇ ವೈದ್ಯರಿಗೆ ತಿಳಿಸಿದರೆ ಆಸ್ಪತ್ರೆಗೆ ಸೇರಿಸುವ ಸಂದರ್ಭ ತಪ್ಪಬಹುದು.

ಮನಸ್ಸಿನ ಕಾಯಿಲೆಯಂತೆ ಕಂಡರೂ ಮೂಲ ಬೇರೆಡೆ ಇರುವುದೂ ಇದೆ. ಜೋರಾಗಿ ಗೊರಕೆ ಹೊಡೆದು, ನಡುನಡುವೆ ಉಸಿರು ನಿಂತು, ಬೆಳಗ್ಗೆ ತಲೆ ಭಾರವಾಗಿ, ಹಗಲು ತೂಕಡಿಸಿ, ಯಾವುದರಲ್ಲೂ ಆಸಕ್ತಿ ಇಲ್ಲದವರಿಗೆ ಸ್ಲೀಪ್ ಆಪ್ನಿಯಾ ಇರಬಹುದು. ಇದು ಮೇಲ್ನೋಟಕ್ಕೆ ಖಿನ್ನತೆಯಂತೆಯೇ ಕಾಣುತ್ತದೆ. ಇಂತಹವರು ನಿದ್ದೆಗುಳಿಗೆ ನುಂಗಿದರೆ ಉಸಿರಾಟಕ್ಕೆ ಅಪಾಯವೂ ಆಗಬಹುದು. ಇದನ್ನು ಕಂಡುಹಿಡಿಯಲು ತಲೆ, ಕಣ್ಣಿನ ಬದಿ, ಗಲ್ಲ, ಎದೆ, ಕಾಲಿಗೆ ತಂತಿ ಅಂಟಿಸಿ ಒಂದು ರಾತ್ರಿ ಮಲಗಿಸುವ ಪರೀಕ್ಷೆ ಇದೆ. ನೋವೇನೂ ಇಲ್ಲ. ಮಲಗಿದ ಕೂಡಲೇ ಕಾಲಿನಲ್ಲಿ ಹುಳ ಹರಿದಂತಾಗಿ ಕಾಲು ಆಡಿಸದೆ ಇರಲಾಗದವರಿಗೆ ಕಬ್ಬಿಣದ ಕೊರತೆ ಇರಬಹುದು, ಖಿನ್ನತೆಯ ಕೆಲವು ಮದ್ದುಗಳಿಂದ ಅದು ಹೆಚ್ಚಾಗಲೂಬಹುದು. ಥೈರಾಯ್ಡ್, ಮುಟ್ಟು ನಿಲ್ಲುವ ಕಾಲ, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು, ಮದ್ಯಪಾನ ಇವೆಲ್ಲವನ್ನೂ ವೈದ್ಯರು ಕೇಳುತ್ತಾರೆ. ಮುಚ್ಚಿಡದೆ ಹೇಳಬೇಕು.

ಆಟ, ಕೋಲ, ಬ್ರಹ್ಮಕಲಶ

ಪಾರ್ತಿಸುಬ್ಬನ ನಾಡಿನವರಾದ ನಮಗೆ ರಾತ್ರಿ ನಿದ್ದೆ ಬಿಡುವುದು ಹೊಸತಲ್ಲ. ಈಗ ಕಾಲಮಿತಿಯ ಆಟಗಳು ಬಂದಿವೆಯಾದರೂ ಬೆಳಗಾಗುವವರೆಗೆ ಕುಳಿತು ಆಟ ನೋಡಿದವರು, ಭೂತಕೋಲಕ್ಕೂ ತೆಯ್ಯಕ್ಕೂ ಇಡೀ ರಾತ್ರಿ ನಿಂತವರು ನಮ್ಮಲ್ಲಿ ಬಹಳ. ಆರೋಗ್ಯವಂತರಿಗೆ ಒಂದು ರಾತ್ರಿಯ ಜಾಗರಣೆಯಿಂದ ಏನೂ ಆಗುವುದಿಲ್ಲ. ಮರುದಿನ ಸಾಲ ತೀರುತ್ತದೆ. ಅದನ್ನು ಯಾರೂ ಕಾಯಿಲೆ ಎನ್ನುವುದಿಲ್ಲ.

ಬೈಪೋಲಾರ್ ಕಾಯಿಲೆ ಇದ್ದವರ ವಿಚಾರ ಹಾಗಲ್ಲ. ನಿದ್ದೆ ತಪ್ಪುವುದೇ ಉನ್ಮಾದವನ್ನು ಎಬ್ಬಿಸುವ ಕೊನೆಯ ಕಿಡಿಯಾಗಬಹುದು ಎಂದು ಅಮೆರಿಕದ ಥಾಮಸ್ ವೆಹರ್ ಮತ್ತು ಸಂಗಡಿಗರು 1987ರಲ್ಲಿಯೇ ಬರೆದರು. ಬ್ರಿಟನ್ನಿನಲ್ಲಿ ಈ ಕಾಯಿಲೆಯ 3140 ಮಂದಿಯನ್ನು ಕೇಳಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ ಸುಮಾರು 20 ಮಂದಿ, ನಿದ್ದೆ ತಪ್ಪಿದ್ದರಿಂದಲೇ ತಮಗೆ ಉನ್ಮಾದ ಬಂದಿತ್ತು ಎಂದರು. ನಮ್ಮ ಊರುಗಳಲ್ಲಿ ಮದುವೆಯ ಮುನ್ನಾ ರಾತ್ರಿ, ಬ್ರಹ್ಮಕಲಶೋತ್ಸವದ ಸ್ವಯಂಸೇವಕರ ಪಾಳಿ, ಊರಿಗೆ ಬರುವ ರಾತ್ರಿ ಬಸ್ಸು, ಗಲ್ಫಿನ ವಿಮಾನ ಇವೆಲ್ಲ ಇಂತಹ ರಾತ್ರಿಗಳೇ. ಮನೆಯಲ್ಲಿ ಇಂತಹ ರೋಗಿ ಇದ್ದರೆ ಅವರನ್ನು ಹಬ್ಬದಿಂದ ದೂರ ಇಡಬೇಕಾಗಿಲ್ಲ. ಹತ್ತು ಗಂಟೆಗೆ ಮಲಗಲು ಒಂದು ಸದ್ದಿಲ್ಲದ ಕೋಣೆ ಮಾಡಿಕೊಡಿ, ಮದ್ದಿನ ಹೊತ್ತು ತಪ್ಪಿಸಬೇಡಿ. ‘ಒಂದು ರಾತ್ರಿ ಅಲ್ಲವೇ’ ಎಂದು ಒತ್ತಾಯಿಸಬೇಡಿ.

ಪತ್ತನಾಜೆಯವರೆಗೆ ರಾತ್ರಿ ವೇಷ ಕಟ್ಟಿ ಹಗಲು ಮಲಗುವ ಕಲಾವಿದರು, ರಾತ್ರಿ ಪಾಳಿಯ ನರ್ಸುಗಳು, ಕಾವಲುಗಾರರು, ಲಾರಿ ಚಾಲಕರು ಇವರಿಗೂ ದೇಹದ ಗಡಿಯಾರದೊಡನೆ ನಿತ್ಯ ಜಗಳ. ಅವರಿಗೆ ಹಗಲು ನಿದ್ದೆ ಸುಖವಲ್ಲ, ಅಗತ್ಯ. ಆ ಹೊತ್ತಿನಲ್ಲಿ ಮನೆಯಲ್ಲಿ ಟಿವಿ ಸದ್ದು ಕಡಿಮೆ ಮಾಡುವುದು ದೊಡ್ಡ ಉಪಕಾರ.

ಇನ್ನೊಂದು ಗುಂಪನ್ನು ನಾವು ಮರೆಯಬಾರದು. ಗೇರು ತೋಟಗಳಿಗೆ 2000ದವರೆಗೆ ಸಿಂಪಡಿಸಿದ ಎಂಡೋಸಲ್ಫಾನಿನ ಪರಿಣಾಮವನ್ನು ಎಣ್ಮಕಜೆ, ಬೆಳ್ಳೂರು, ಮುಳಿಯಾರು ಮುಂತಾದ ಪಂಚಾಯತುಗಳ ಮನೆಗಳು ಇಂದಿಗೂ ಹೊತ್ತಿವೆ. ಹಾಸಿಗೆಯಲ್ಲಿರುವ ಮಗನನ್ನೋ ಮಗಳನ್ನೋ ಇಪ್ಪತ್ತು, ಮೂವತ್ತು ವರ್ಷಗಳಿಂದ ರಾತ್ರಿ ಎದ್ದು ನೋಡಿಕೊಳ್ಳುವ ತಾಯಂದಿರಿದ್ದಾರೆ. ಮರೆಗುಳಿ ಕಾಯಿಲೆಯ ಹಿರಿಯರನ್ನು ನೋಡಿಕೊಳ್ಳುವವರೂ ಹಾಗೆಯೇ. ಅವರ ನಿದ್ದೆಗೇಡಿಗೆ ಗುಳಿಗೆಗಿಂತ ಮೊದಲು ಬೇಕಾದದ್ದು ವಾರಕ್ಕೆ ಎರಡು ರಾತ್ರಿ ಬದಲಿಗೆ ಕೂರುವ ಒಬ್ಬರು. ನೆಂಟರೂ ನೆರೆಕರೆಯವರೂ ಮಾಡಬಹುದಾದ ಕೆಲಸ ಇದು.

ಗುಳಿಗೆಯ ವಿಚಾರ

ಅಲ್ಪ್ರಜೋಲಮ್, ಡಯಜೆಪಾಮ್, ನೈಟ್ರಜೆಪಾಮ್, ಜೋಲ್ಪಿಡೆಮ್ ಇವು ಸಾಮಾನ್ಯವಾಗಿ ಕೇಳಿಬರುವ ಹೆಸರುಗಳು. ಇವು ಕೆಟ್ಟ ಮದ್ದುಗಳಲ್ಲ. ವೈದ್ಯರು ಹೇಳಿದಷ್ಟು ದಿನ, ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡರೆ ಉಪಯೋಗವಿದೆ. ತೊಂದರೆ ಬರುವುದು ಹತ್ತು ದಿನದ ಚೀಟಿಯನ್ನು ಹತ್ತು ವರ್ಷ ನಡೆಸಿದಾಗ. ದಿನ ಹೋದಂತೆ ಅದೇ ಗುಳಿಗೆ ಸಾಲುವುದಿಲ್ಲ, ಬಿಟ್ಟರೆ ಮೊದಲಿಗಿಂತ ಹೆಚ್ಚು ಎಚ್ಚರ. ಹಿರಿಯರಲ್ಲಿ ರಾತ್ರಿ ಬಚ್ಚಲಿಗೆ ಎದ್ದಾಗ ಬೀಳುವುದು, ಸೊಂಟ ಮುರಿಯುವುದು, ಮರೆವು ಇವುಗಳ ಅಪಾಯ ಹೆಚ್ಚು. ಮದ್ಯದೊಂದಿಗೆ ಸೇರಿದರೆ ಜೀವಕ್ಕೇ ಅಪಾಯ.

2014ರ ಮಾರ್ಚ್ 1ರಿಂದ ಈ ಮದ್ದುಗಳು ‘ಶೆಡ್ಯೂಲ್ ಎಚ್-1’ ಎಂಬ ಪಟ್ಟಿಯಲ್ಲಿವೆ. ಚೀಟಿ ಇಲ್ಲದೆ ಕೊಡುವಂತಿಲ್ಲ. ಅಂಗಡಿಯವರು ರೋಗಿಯ ಹೆಸರು, ವೈದ್ಯರ ಹೆಸರು, ಪ್ರಮಾಣ ಎಲ್ಲವನ್ನೂ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಆದುದರಿಂದ ಪರಿಚಯದ ಅಂಗಡಿಯವರು ಚೀಟಿ ಕೇಳಿದರೆ ಬೇಸರಪಡಬೇಡಿ. ಅವರು ಮಾಡುತ್ತಿರುವುದು ಸರಿ.

ಒಂದು ಎಚ್ಚರಿಕೆ: ಬಹಳ ಕಾಲದಿಂದ ಇಂತಹ ಗುಳಿಗೆ ತೆಗೆದುಕೊಳ್ಳುವವರು ಇದನ್ನು ಓದಿ ನಾಳೆಯೇ ನಿಲ್ಲಿಸಬಾರದು. ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರುವ ಸಾಧ್ಯತೆಯೂ ಇದೆ. ವೈದ್ಯರು ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಖಿನ್ನತೆ, ಬೈಪೋಲಾರ್, ಸ್ಕಿಜೋಫ್ರೇನಿಯಾದ ಮದ್ದುಗಳು ನಿದ್ದೆಗುಳಿಗೆಗಳಲ್ಲ. ಅವುಗಳನ್ನು ‘ನಿದ್ದೆ ಬಂತು, ಸಾಕು’ ಎಂದು ಬಿಡಲೇಬಾರದು.

ಗುಳಿಗೆ ಇಲ್ಲದ ಚಿಕಿತ್ಸೆ

ದೀರ್ಘಕಾಲದ ನಿದ್ರಾಹೀನತೆಗೆ ಮೊದಲು ಕೊಡಬೇಕಾದದ್ದು ಗುಳಿಗೆಯಲ್ಲ, ಅರಿವು ಮತ್ತು ವರ್ತನೆಯ ಚಿಕಿತ್ಸೆ ಎಂದು ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ಹೇಳಿತು. ವೈದ್ಯರು ಇದನ್ನು ಸಿಬಿಟಿ-ಐ ಎನ್ನುತ್ತಾರೆ. ಇದರ ಹಿಂದಿನ ತರ್ಕ ಸರಳ. ನಿದ್ದೆ ಕೆಡಲು ಕಾರಣವಾದದ್ದು ಒಂದು, ಅದು ಕೆಟ್ಟೇ ಉಳಿಯಲು ಕಾರಣ ಇನ್ನೊಂದು. ಸಾವು, ಸಾಲ, ನಿವೃತ್ತಿ, ಮಗಳ ಮದುವೆ ಇವುಗಳಿಂದ ನಿದ್ದೆ ಕೆಡುತ್ತದೆ. ಆಮೇಲೆ ನಾವು ಬೇಗ ಮಲಗುತ್ತೇವೆ, ಹಗಲು ಮಲಗುತ್ತೇವೆ, ಹಾಸಿಗೆಯಲ್ಲಿ ಹೊರಳಾಡುತ್ತ ಗಡಿಯಾರ ನೋಡುತ್ತೇವೆ. ಮೂಲ ಕಾರಣ ಹೋದರೂ ಈ ಅಭ್ಯಾಸಗಳು ಹೋಗುವುದಿಲ್ಲ.

ಚಿಕಿತ್ಸೆಯ ಮುಖ್ಯ ಅಂಶಗಳು ಇವು. ನಿದ್ದೆ ಬಂದಾಗ ಮಾತ್ರ ಮಲಗುವುದು. ಸುಮಾರು ಇಪ್ಪತ್ತು ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು ಬೇರೆಡೆ ಕೂರುವುದು. ಹಾಸಿಗೆಯಲ್ಲಿ ಮೊಬೈಲ್, ಲೆಕ್ಕಪತ್ರ, ಜಗಳ ಬೇಡ. ರಾತ್ರಿ ಎಷ್ಟೇ ಕೆಟ್ಟಿದ್ದರೂ ಬೆಳಗ್ಗೆ ಏಳುವ ಹೊತ್ತು ಒಂದೇ. ಎದ್ದು ಅಂಗಳದ ಬೆಳಕಿಗೆ ಬರುವುದು.

ಇನ್ನೊಂದು ಅಂಶಕ್ಕೆ ಸ್ವಲ್ಪ ಲೆಕ್ಕ ಬೇಕು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹಾಸಿಗೆಯಲ್ಲಿ ಇದ್ದೀರಿ, 480 ನಿಮಿಷ. ನಿದ್ದೆ ಮಾಡಿದ್ದು 300 ನಿಮಿಷ. ಅಂದರೆ ನೂರಕ್ಕೆ 62.5. ಇದನ್ನು 85ಕ್ಕೆ ಮುಟ್ಟಿಸುವುದು ಗುರಿ. ಅದಕ್ಕಾಗಿ ಹಾಸಿಗೆಯ ಸಮಯವನ್ನು ಮೊದಲು ಕಡಿತ ಮಾಡಿ, ನಿದ್ದೆ ಗಟ್ಟಿಯಾದ ಮೇಲೆ ಕಾಲು ಗಂಟೆಯಂತೆ ಹೆಚ್ಚಿಸುತ್ತಾರೆ. ಈ ಕಡಿತವನ್ನು ಸ್ವಂತವಾಗಿ ಮಾಡಬೇಡಿ. ಬೈಪೋಲಾರ್ ಅಥವಾ ಅಪಸ್ಮಾರ ಇದ್ದವರಿಗೆ, ವಾಹನ ಓಡಿಸುವವರಿಗೆ ಇದು ಅಪಾಯ. ತಿಳಿದವರ ಮೇಲ್ವಿಚಾರಣೆ ಬೇಕು.

ನಮ್ಮ ಭಾಷೆಯಲ್ಲಿ ಹೇಳುವ ಹಕ್ಕು

‘ಉರಕ್ಕಂ ಇಲ್ಲ’ ಎಂದು ಮಲಯಾಳದಲ್ಲಿ ಹೇಳಲು ನಮ್ಮಲ್ಲಿ ಎಲ್ಲರಿಗೂ ಬರುತ್ತದೆ. ಅದರ ಹಿಂದಿನದ್ದನ್ನು ಹೇಳಲು ಅಷ್ಟು ಸಾಲುವುದಿಲ್ಲ. ‘ಬೇಜಾರು’ ಎಂಬ ಒಂದೇ ಶಬ್ದ ನೋಡಿ. ದುಃಖಕ್ಕೂ ಬೇಜಾರು, ದಣಿವಿಗೂ ಬೇಜಾರು, ಬದುಕು ಸಾಕು ಎಂಬುದಕ್ಕೂ ಬೇಜಾರು. ಯಾವ ಬೇಜಾರು ಎಂದು ಬಿಡಿಸಿ ಕೇಳಲು ಕೇಳುವವರಿಗೆ ನಮ್ಮ ಭಾಷೆ ಗೊತ್ತಿರಬೇಕು, ಅಥವಾ ನಡುವೆ ಒಬ್ಬರು ಬೇಕು. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಕಾಣುತ್ತದೆ, ಬೇಜಾರು ಕಾಣುವುದಿಲ್ಲ. ಮನೋವೈದ್ಯರಿಗೆ ಮಾತೇ ಪರೀಕ್ಷೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 22ನೇ ಸೆಕ್ಷನ್ ಪ್ರಕಾರ ರೋಗಿಗೂ ಅವರು ನೇಮಿಸಿದ ಪ್ರತಿನಿಧಿಗೂ ಕಾಯಿಲೆ ಮತ್ತು ಚಿಕಿತ್ಸೆಯ ಮಾಹಿತಿಯನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಪಡೆಯುವ ಹಕ್ಕಿದೆ. ಕಚೇರಿ ಪತ್ರವ್ಯವಹಾರದಲ್ಲಿ ಕನ್ನಡ ಬಳಸುವ ಹಕ್ಕಿಗೆ 1969ರ ಕೇರಳ ರಾಜ್ಯಭಾಷಾ ಕಾಯಿದೆಯನ್ನು ನಾವು ತೋರಿಸುತ್ತ ಬಂದಿದ್ದೇವೆ. ಆಸ್ಪತ್ರೆಯಲ್ಲಿ ತೋರಿಸಲು ಇದು ಇದೆ. ಜಗಳಕ್ಕಾಗಿ ಅಲ್ಲ, ‘ಕನ್ನಡ ತಿಳಿದ ಸಿಸ್ಟರನ್ನು ಒಮ್ಮೆ ಕರೆಯಿರಿ’ ಎಂದು ಸಂಕೋಚವಿಲ್ಲದೆ ಕೇಳಲು. ಅದೇ ಕಾಯಿದೆಯ 115ನೇ ಸೆಕ್ಷನ್ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ತಿಳಿಯಬೇಕು, ಶಿಕ್ಷಿಸಬಾರದು. ಕೇಸು ಆಗುತ್ತದೆ ಎಂದು ಹೆದರಿ ಮುಚ್ಚಿಡಬೇಡಿ.

ಭಾಷೆಯ ತೊಡಕು ಕಡಿಮೆ ಮಾಡಲು ಇನ್ನೊಂದು ಉಪಾಯ ನಿದ್ದೆಯ ದಿನಚರಿ. ಎರಡು ವಾರ, ದಿನಕ್ಕೊಂದು ಸಾಲು: ಮಲಗಿದ ಹೊತ್ತು, ನಿದ್ದೆ ಬಂದದ್ದು ಅಂದಾಜು ಎಷ್ಟಕ್ಕೆ, ಎಷ್ಟು ಸಲ ಎಚ್ಚರ, ಎದ್ದ ಹೊತ್ತು, ಹಗಲು ನಿದ್ದೆ, ಕಾಫಿ ಚಹಾ ಮದ್ಯ, ತೆಗೆದುಕೊಂಡ ಗುಳಿಗೆ, ಹಗಲು ಮನಸ್ಸು ಹೇಗಿತ್ತು. ಅಂಕಿಗಳು ಎಲ್ಲ ಭಾಷೆಯಲ್ಲೂ ಒಂದೇ. ಗಡಿಯಾರ ನೋಡುತ್ತ ಬರೆಯಬೇಡಿ, ಬೆಳಗ್ಗೆ ಎದ್ದು ಅಂದಾಜಿನಲ್ಲಿ ಬರೆದರೆ ಸಾಕು. ಗೊರಕೆ, ಉಸಿರು ನಿಲ್ಲುವುದು, ನಿದ್ದೆಯಲ್ಲಿ ಕೈಕಾಲು ಬಡಿಯುವುದು ಇವನ್ನು ಪಕ್ಕದಲ್ಲಿ ಮಲಗಿದವರನ್ನು ಕೇಳಿ ಬರೆಯಿರಿ.

ಎಲ್ಲಿಗೆ ಹೋಗುವುದು?

ನಿಮ್ಹಾನ್ಸ್ ತಜ್ಞರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿದರು. ತರಬೇತಿ ಕೊಟ್ಟರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರೇ ಮನಸ್ಸಿನ ಕಾಯಿಲೆಗಳಿಗೆ ಮದ್ದು ಕೊಡಬಲ್ಲರು ಎಂದು ಅಲ್ಲಿ ಕಂಡುಬಂತು. ಅದೇ ಮಾದರಿಯಲ್ಲಿ 1996ರಲ್ಲಿ ಕೇಂದ್ರ ಸರಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿತು. ಕೇರಳದ 14 ಜಿಲ್ಲೆಗಳಲ್ಲೂ ಅದು ಇದೆ. ನಿಗದಿತ ದಿನಗಳಲ್ಲಿ ಅದರ ತಂಡ ಸರಕಾರಿ ಆರೋಗ್ಯ ಕೇಂದ್ರಗಳಿಗೆ ಬರುತ್ತದೆ. ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆ ಗುರುತಿಸುವ ‘ಆಶ್ವಾಸಂ’ ಎಂಬ ಸೌಲಭ್ಯವೂ ಇದೆ. ಸುಳ್ಯ, ಪುತ್ತೂರು, ಬಂಟ್ವಾಳ ಕಡೆಯ ಸದಸ್ಯರಿಗೆ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ‘ಮನೋಚೈತನ್ಯ’ ಕ್ಲಿನಿಕ್ ಇದೆ. ದಿನವನ್ನು ಮೊದಲೇ ವಿಚಾರಿಸಿ ಹೋಗಿ.

ಫೋನಿನಲ್ಲಿ ಮಾತನಾಡಲು ‘ಟೆಲಿ ಮಾನಸ್’ ಇದೆ. ಸಂಖ್ಯೆ 14416. 2022ರ ಅಕ್ಟೋಬರ್ 10ರಂದು ಆರಂಭವಾಯಿತು. ಖರ್ಚಿಲ್ಲ, ರಾತ್ರಿ ಹಗಲು ಸಿಗುತ್ತದೆ, ಕನ್ನಡವನ್ನು ಆರಿಸಿಕೊಳ್ಳಬಹುದು. ಕೇರಳದ ‘ದಿಶಾ’ ಸಂಖ್ಯೆ 1056. ರಾತ್ರಿ ಮೂರು ಗಂಟೆಗೆ ಎಚ್ಚರವಾಗಿ ಸಾಯುವ ಯೋಚನೆ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಮನೆಯಲ್ಲಿ ಒಬ್ಬರನ್ನು ಎಬ್ಬಿಸಿ, ಅಥವಾ ಈ ಸಂಖ್ಯೆಗೆ ಕರೆ ಮಾಡಿ.

ಗಡಿನಾಡಿನವರಿಗೆ ಮಾತ್ರ ಅನ್ವಯಿಸುವ ಒಂದು ಮಾತು. ನಮ್ಮಲ್ಲಿ ಹೆಚ್ಚಿನವರ ಮನೋವೈದ್ಯರು ಮಂಗಳೂರಿನಲ್ಲಿ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ದಾರಿ ಮುಚ್ಚಿ, ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋದದ್ದು ಎಲ್ಲರಿಗೂ ನೆನಪಿದೆ. ಆದುದರಿಂದ ಮದ್ದಿನ ಚೀಟಿಯ ಪ್ರತಿಯನ್ನು ಮನೆಯಲ್ಲಿಯೂ ಮೊಬೈಲಿನಲ್ಲಿಯೂ ಇಟ್ಟುಕೊಳ್ಳಿ, ಕಂಪೆನಿಯ ಹೆಸರಿನ ಜೊತೆಗೆ ಮದ್ದಿನ ಮೂಲ ಹೆಸರನ್ನೂ ಬರೆಸಿಕೊಳ್ಳಿ, ಮುಗಿಯುವ ಎರಡು ವಾರ ಮೊದಲೇ ತನ್ನಿ. ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿಯೂ ಒಂದು ದಾಖಲೆ ಇರಲಿ.

ಕನ್ನಡದಲ್ಲಿ ಓದಲು ಬೇಕಾದಷ್ಟಿದೆ. ‘ಕೊರವಂಜಿ’ಯಲ್ಲಿ ನಗಿಸಿದ ರಾಶಿಯವರು, ಅಂದರೆ ಡಾ. ಎಂ. ಶಿವರಾಂ, ಮನಸ್ಸಿನ ಕಾಯಿಲೆಗಳ ಬಗ್ಗೆ ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ನಿಮ್ಹಾನ್ಸಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಸರಳವಾದ ಪುಸ್ತಕಗಳು ಬಹಳ ಇವೆ. ಮನಸ್ಸಿನ ಕಾಯಿಲೆಯ ಬಗ್ಗೆ ಮಾತನಾಡಲು ಕನ್ನಡದಲ್ಲಿ ಶಬ್ದಗಳಿಲ್ಲ ಎಂದು ಯಾರೂ ಹೇಳುವಂತಿಲ್ಲ.

ನಿದ್ದೆಯ ದಿನಚರಿಯ ಕನ್ನಡ ನಮೂನೆಯ ಪ್ರತಿಗಳನ್ನು ಸಂಘದ ಕಚೇರಿಯಲ್ಲಿ ಇಡಲಾಗುವುದು. ಬೇಕಾದವರು ತೆಗೆದುಕೊಂಡು ಹೋಗಬಹುದು. ಹೆಸರು ಬರೆಸಬೇಕಾಗಿಲ್ಲ, ಯಾರಿಗಾಗಿ ಎಂದು ಯಾರೂ ಕೇಳುವುದಿಲ್ಲ. ಆಸ್ಪತ್ರೆಯಲ್ಲಿ ಕನ್ನಡದಿಂದ ಮಲಯಾಳಕ್ಕೆ ಹೇಳಿಕೊಡಲು ಜೊತೆಗೆ ಹೋಗಬಲ್ಲ ಸದಸ್ಯರು ದಯವಿಟ್ಟು ಕಚೇರಿಗೆ ತಿಳಿಸಿ. ಕೇಳಿದ್ದನ್ನು ಹೊರಗೆ ಆಡದವರಾದರೆ ಮಾತ್ರ.

– ಕಾರ್ಯದರ್ಶಿ